ಟಿಕೆಟ್ಟು, ಕುಂಕುಮ, ಕಪ್ಪೆಚಿಪ್ಪು: ಪ್ರವಾಸದ ಆಲ್ಬಮ್ಮಿನ ಪ್ರಶ್ನೋತ್ತರ

ರಜೆಯ ಓಡಾಟ ಮುಗಿದು, ಬ್ಯಾಗುಗಳ ತಳದಲ್ಲಿ ಉಳಿದ ಚೀಟಿ ಚಿಲ್ಲರೆಗಳನ್ನೆಲ್ಲ ಏನು ಮಾಡುವುದೆಂದು ಹಲವರು ಕೇಳಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಐದು ವರ್ಷಗಳಲ್ಲಿ ಹೋಗಿಬಂದ ಹತ್ತು ಹನ್ನೆರಡು ಊರುಗಳ ಟಿಕೆಟ್ಟು, ನಕ್ಷೆ, ಲಾಡ್ಜಿನ ರಸೀದಿ ಎಲ್ಲವೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿವೆ. ಆಲ್ಬಂ ಮಾಡೋಣವೆಂದು ಪ್ರತಿ ಸಲ ಪೆಟ್ಟಿಗೆ ಸುರಿಯುತ್ತೇನೆ, ದಿಕ್ಕು ತೋಚದೆ ಮತ್ತೆ ತುಂಬಿಡುತ್ತೇನೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಶಿವಮೊಗ್ಗ

ಮೊದಲು ಆಲ್ಬಂ, ಕತ್ತರಿ, ಅಂಟು ಮೂರನ್ನೂ ಒಳಗಿಡಿ. ಇವು ಕಣ್ಣೆದುರಿಗಿದ್ದರೆ ವಿಂಗಡಿಸಿ ಮುಗಿಯುವ ಮೊದಲೇ ಅಂಟಿಸಲು ಕೈ ಹೋಗುತ್ತದೆ. ಆಮೇಲೆ ಸಿಕ್ಕ ಟಿಕೆಟ್ಟಿಗೆ ಪುಟದಲ್ಲಿ ಜಾಗವಿರುವುದಿಲ್ಲ.

ಹಾಸಿಗೆಯ ಮೇಲೆ ಒಗೆದ ಬೆಡ್‌ಶೀಟ್ ಹರಡಿ. ಹಳೇ ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಒಂದೊಂದು ಪ್ರವಾಸಕ್ಕೆ ಒಂದೊಂದು ಎ4 ಹಾಳೆ ಇಟ್ಟು ಮೇಲೆ ಊರು, ತಿಂಗಳು, ವರ್ಷ ಬರೆಯಿರಿ. ಈಗ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು ಅದರದರ ಹಾಳೆಯ ಮೇಲೆ ಹಾಕುತ್ತ ಹೋಗಿ. ಯಾವ ಪ್ರವಾಸದ್ದೆಂದು ಗೊತ್ತಾಗದಿದ್ದರೆ ಫೋನಿನ ಗ್ಯಾಲರಿ ತೆರೆಯಿರಿ. ಟಿಕೆಟ್ಟಿನ ಮೇಲಿನ ತಾರೀಕಿಗೆ ಅದೇ ದಿನದ ಫೋಟೊ ಸಾಕ್ಷಿ ಹೇಳುತ್ತದೆ. ಹಾಗೂ ತಿಳಿಯದವುಗಳಿಗೆ ಬೇರೆಯದೇ ಒಂದು ಹಾಳೆ ಇರಲಿ. ಅವುಗಳ ಹಿಂದೆ ಬಿದ್ದು ಇಡೀ ಮಧ್ಯಾಹ್ನ ಕಳೆಯಬೇಡಿ.

ಟಿಕೆಟ್ಟುಗಳೆಲ್ಲ ಒಂದು ಕಡೆ, ನಕ್ಷೆಗಳೆಲ್ಲ ಇನ್ನೊಂದು ಕಡೆ ಎಂದು ವಿಂಗಡಿಸುವವರು ಬಹಳ. ಆ ಕ್ರಮ ಕತ್ತರಿ, ಟೇಪು, ಬಣ್ಣದ ಹಾಳೆಗಳಿಗೆ ಸರಿ. ನೆನಪಿನ ವಸ್ತುಗಳಿಗೆ ಪ್ರವಾಸವೇ ಲೆಕ್ಕ. ಬಾದಾಮಿಯ ಟಿಕೆಟ್ಟು ಬಾದಾಮಿಯ ನಕ್ಷೆಯ ಜೊತೆಗಿದ್ದರಷ್ಟೇ ಪುಟ ತಾನಾಗಿ ಕಟ್ಟಿಕೊಳ್ಳುತ್ತದೆ.

ಹಂಚಿದ ಮೇಲೆ ಪ್ರತಿ ಪ್ರವಾಸಕ್ಕೆ ಒಂದು ಎ4 ಅಳತೆಯ ಜಿಪ್ ಚೀಲ, ಅದರೊಳಗೆ ದಿನಕ್ಕೊಂದರಂತೆ ಬಿಳಿ ಕಾಗದದ ಲಕೋಟೆ. ಚೀಲ ಪಾಲಿಪ್ರೊಪಿಲೀನ್‌ನದ್ದಾಗಿರಲಿ. ಹಿಸುಕಿದರೆ ಚರಚರ ಸದ್ದು ಮಾಡುವುದು, ವಾಸನೆಯಿಲ್ಲದ್ದು ಸಾಮಾನ್ಯವಾಗಿ ಅದೇ. ಮೆತ್ತಗಿದ್ದು ಹೊಸ ರೆಕ್ಸಿನ್ ಥರ ವಾಸನೆ ಬಂದರೆ ಪಿವಿಸಿ. ಅದರಲ್ಲಿನ ಮೆದುಕಾರಕ ಎಣ್ಣೆ ಫೋಟೊಗೂ ಜೆರಾಕ್ಸ್ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ, ನಾಣ್ಯವಿಟ್ಟರೆ ಹಸಿರುಗಟ್ಟುತ್ತದೆ.

ಇನ್ನೊಂದನ್ನು ದಯವಿಟ್ಟು ತಪ್ಪಿಸಬೇಡಿ. ಪ್ರತಿ ಲಕೋಟೆಯಲ್ಲಿ ಅಂಗೈಯಗಲದ ಒಂದು ಚೀಟಿ ಇಡಿ. ಅದರಲ್ಲಿ ಪೆನ್ಸಿಲ್ಲಿನಿಂದ ನಾಲ್ಕು ಸಂಗತಿ ಬರೆಯಿರಿ: ತಾರೀಕು, ಜಾಗ, ಜೊತೆಗಿದ್ದವರು, ಇದನ್ನು ಎತ್ತಿಟ್ಟದ್ದು ಯಾಕೆ. ‘ಗುಹೆಯ ಮೆಟ್ಟಿಲು ಇಳಿದ ಮೇಲೆ ಮಜ್ಜಿಗೆ ಕುಡಿದ ಅಂಗಡಿ, ಅಜ್ಜಿ ಎರಡನೇ ಲೋಟ ಕೇಳಿದಳು’ ಎಂಬ ಒಂದು ಸಾಲಿದ್ದರೆ ಸಾಕು. ಚೀಟಿಯಿಲ್ಲದ ರಸೀದಿಯನ್ನು ಎರಡು ವರ್ಷ ಬಿಟ್ಟು ನೋಡಿದರೆ ಬರೀ ಹದಿನೈದು ರೂಪಾಯಿಯ ರಸೀದಿ. ಮುಂದಿನ ಪ್ರವಾಸದಲ್ಲಿ ಲಕೋಟೆಗಳನ್ನು ಜೊತೆಗೇ ಒಯ್ಯಿರಿ, ರಾತ್ರಿ ಮಲಗುವ ಮೊದಲು ಜೇಬು ಖಾಲಿ ಮಾಡಿ ಬರೆದಿಡಿ. ಹತ್ತು ನಿಮಿಷದ ಕೆಲಸ.

ಎಸೆಯುವುದರ ಬಗ್ಗೆಯೂ ಗಟ್ಟಿ ಮನಸ್ಸಿರಲಿ. ಒಂದೇ ಕರಪತ್ರದ ನಾಲ್ಕು ಪ್ರತಿ, ಹೋಟೆಲಿನ ಸಾಬೂನಿನ ಹೊದಿಕೆ, ಎಲ್ಲೂ ಸಿಗುವ ಬಿಸ್ಕತ್ತಿನ ಕವರು ಹೋಗಲಿ. ಮೂರು ದಿನದ ಪ್ರವಾಸಕ್ಕೆ ಹದಿನೈದು ಇಪ್ಪತ್ತು ಕಾಗದದ ವಸ್ತು, ಮೂವತ್ತು ಫೋಟೊ ಇದ್ದರೆ 20 ಪುಟ ತುಂಬುತ್ತದೆ.

ಬಸ್ ಟಿಕೆಟ್ಟುಗಳ ಅಕ್ಷರ ಅಳಿಸಿಹೋಗುತ್ತಿದೆ. ಉಳಿಸಲೆಂದು ಎರಡನ್ನು ಲ್ಯಾಮಿನೇಟ್ ಮಾಡಿಸಿದೆ, ಪೂರ್ತಿ ಕಪ್ಪಾಗಿ ಬಂದವು. ಯಾಕೆ?
— ಓದುಗರು, ದಾವಣಗೆರೆ

ಕಂಡಕ್ಟರ ಕೈಯಲ್ಲಿನ ಯಂತ್ರದಿಂದ ಬರುವ ಟಿಕೆಟ್ಟು ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ಮೇಲಿನ ಲೇಪದಲ್ಲಿ ಬಣ್ಣವಿಲ್ಲದ ಒಂದು ವರ್ಣದ್ರವ್ಯ, ಅದನ್ನು ಕಪ್ಪಾಗಿಸುವ ಇನ್ನೊಂದು ರಾಸಾಯನಿಕ ಅಕ್ಕಪಕ್ಕ ಇರುತ್ತವೆ. ಯಂತ್ರದ ಬಿಸಿ ತಗುಲಿದ ಕಡೆ ಎರಡೂ ಕರಗಿ ಕೂಡಿಕೊಂಡು ಅಕ್ಷರ ಮೂಡುತ್ತದೆ. ಸುಮಾರು 60–70 ಡಿಗ್ರಿಗೇ ಈ ಕಾಗದ ಕಪ್ಪಾಗತೊಡಗುತ್ತದೆ, ಲ್ಯಾಮಿನೇಷನ್ ಯಂತ್ರದ ರೋಲರು 100 ಡಿಗ್ರಿ ದಾಟಿರುತ್ತದೆ. ಹಾಗಾಗಿ ಇಡೀ ಟಿಕೆಟ್ಟೇ ‘ಅಚ್ಚಾಯಿತು’. ಆ ಎರಡನ್ನು ಮೊದಲಿನಂತೆ ಮಾಡಲಾಗದು.

ಥರ್ಮಲ್ ಹೌದೋ ಅಲ್ಲವೋ ನೋಡಲು ಮೂಲೆಯಲ್ಲಿ ಉಗುರಿನಿಂದ ಬೇಗನೆ ಒಂದು ಗೀರು ಎಳೆಯಿರಿ. ಕಪ್ಪು ಗೆರೆ ಬಂದರೆ ಥರ್ಮಲ್. ಎಟಿಎಂ ಚೀಟಿ, ಬಹುತೇಕ ಹೋಟೆಲ್ ಬಿಲ್ಲು, ಪಾರ್ಕಿಂಗ್ ಚೀಟಿ ಎಲ್ಲ ಇದೇ ಜಾತಿ. ಅಕ್ಷರ ಅಳಿಸಲು ಬೆಳಕು, ಬಿಸಿ, ಕೈಯ ಎಣ್ಣೆ ಕಾರಣ. ಅದಕ್ಕಿಂತ ಹೆಚ್ಚಾಗಿ ಪಿವಿಸಿ ಕವರು ಮತ್ತು ಅಂಟು. ಸೆಲ್ಲೋಟೇಪ್ ಹಚ್ಚಿದ ಜಾಗದಲ್ಲೇ ಅಕ್ಷರ ಮಾಯವಾಗಿರುವುದನ್ನು ನೀವು ಕಂಡಿರಬಹುದು.

ಆದ್ದರಿಂದ ಮನೆಗೆ ಬಂದ ವಾರದೊಳಗೆ ಪ್ರತಿ ಮಾಡಿ. ಸ್ಕ್ಯಾನರ್ ಇದ್ದರೆ 600 ಡಿಪಿಐ, ಬಣ್ಣದಲ್ಲಿ. ಫೋನಾದರೆ ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಟಿಕೆಟ್ಟಿಗೆ ಸಮತಟ್ಟಾಗಿ ಹಿಡಿದು. ಅರ್ಧ ಮಾಸಿದ್ದನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿದರೆ ಎಷ್ಟೋ ಸಲ ಊರಿನ ಹೆಸರು, ದರ ಓದಲು ಬರುತ್ತದೆ. ಮುದ್ರಣಕ್ಕೆ ಮೂಲೆಯಂಗಡಿಯ ಜೆರಾಕ್ಸೇ ಒಳ್ಳೆಯದು. ಅದರ ಟೋನರು ನೀರಿಗೆ ಕದಡುವುದಿಲ್ಲ, ಮನೆಯ ಇಂಕ್‌ಜೆಟ್ ಶಾಯಿ ಎಷ್ಟೋ ಸಲ ಕದಡುತ್ತದೆ. ತೆಳು ಕೆನೆ ಬಣ್ಣದ 100 ಜಿಎಸ್‌ಎಂ ಹಾಳೆಯಲ್ಲಿ ನಿಜ ಅಳತೆಗೇ ತೆಗೆಸಿ, ಕತ್ತರಿಸಿ ಪುಟಕ್ಕೆ ಅಂಟಿಸಿ. ಮೂಲ ಟಿಕೆಟ್ಟನ್ನು ಅದೇ ಪುಟದ ಹಿಂಬದಿಯಲ್ಲಿ ಕಾಗದದ ಜೇಬು ಮಾಡಿ ಅದರೊಳಗಿಡಿ, ಅಂಟು ತಾಗದಂತೆ.

ಹಳೆಯ ರಟ್ಟಿನ ರೈಲು ಟಿಕೆಟ್ಟು ಮನೆಯಲ್ಲಿದ್ದರೆ ಅದಕ್ಕೆ ಈ ಭಯವಿಲ್ಲ. 57 ಮಿ.ಮೀ. ಉದ್ದದ ಆ ಟಿಕೆಟ್ಟುಗಳಿಗೆ ನಾಲ್ಕು ಫೋಟೊ ಮೂಲೆ (ಪುಟಕ್ಕೆ ಅಂಟಿಸುವ ಪುಟ್ಟ ತ್ರಿಕೋನ ಜೇಬು) ಸಿಕ್ಕಿಸಿದರೆ ಸಾಕು, ಹಿಂಬದಿಯನ್ನೂ ತೆಗೆದು ನೋಡಬಹುದು.

ಧರ್ಮಸ್ಥಳ, ಕೊಲ್ಲೂರು, ಶೃಂಗೇರಿಯಿಂದ ತಂದ ಕುಂಕುಮ, ವಿಭೂತಿ, ಕೆಂಪು ದಾರ, ಹೂವು ಇವನ್ನೂ ಆಲ್ಬಮ್ಮಿನಲ್ಲಿ ಇಡಬಹುದೇ? ಕುಂಕುಮದ ಪೊಟ್ಟಣ ಅಂಟಿಸಿದ ಪುಟ ಹಿಂದೆಮುಂದೆಲ್ಲ ಕೆಂಪಾಗಿದೆ.
— ಓದುಗರು, ಮೈಸೂರು

ಇಡಬಹುದು, ಆದರೆ ಪೊಟ್ಟಣವನ್ನು ಹಾಗೆಯೇ ಅಂಟಿಸುವಂತಿಲ್ಲ. ಪುಟ ಮುಚ್ಚಿ ಕಪಾಟಿನಲ್ಲಿ ನಿಲ್ಲಿಸಿದಾಗ ಮೇಲಿನ ಭಾರಕ್ಕೆ ಪುಡಿ ಮಡಿಕೆಗಳಿಂದ ಜಿನುಗುತ್ತದೆ. ಕೆಲವು ಕುಂಕುಮದಲ್ಲಿ ಎಣ್ಣೆಯಂಶವಿರುತ್ತದೆ, ಅದು ಕಾಗದದಲ್ಲಿ ಹರಡಿಕೊಂಡು ಬಣ್ಣವನ್ನೂ ಎಳೆದೊಯ್ಯುತ್ತದೆ.

ಕಡಲೆಕಾಳಿನಷ್ಟು ಕುಂಕುಮ ಸಾಕು. ಔಷಧಿ ಅಂಗಡಿಯಲ್ಲಿ ಮಾತ್ರೆ ಹಾಕಿಕೊಡುವ ಪುಟ್ಟ ಜಿಪ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಆ ಚೀಲವನ್ನು ಇನ್ನೊಂದು ಅಂಥದೇ ಚೀಲದೊಳಗಿಡಿ. ದೇವಸ್ಥಾನದ ಹೆಸರು ಅಚ್ಚಾಗಿರುವ ಖಾಲಿ ಪೊಟ್ಟಣವನ್ನು ಬಿಡಿಸಿ, ಒಣ ಬ್ರಶ್ಶಿನಿಂದ ಪುಡಿ ಕೊಡವಿ, ಪುಟದ ಮೇಲೆ ಅದನ್ನೇ ಜೇಬಿನಂತೆ ಮೂರು ಬದಿ ಅಂಟಿಸಿ. ಚೀಲ ಆ ಜೇಬಿನೊಳಗೆ. ಎದುರು ಪುಟದಲ್ಲಿ ಫೋಟೊ ಬೇಡ, ಬರಹವಿರಲಿ. ವಿಭೂತಿಗೂ ಇದೇ ಕ್ರಮ.

ಕೆಂಪು ದಾರದ ಬಣ್ಣ ಬಿಡುತ್ತದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ತುದಿಯನ್ನು ಒತ್ತಿ ನೋಡಿ. ಬಟ್ಟೆ ಕೆಂಪಾದರೆ ದಾರವನ್ನೂ ಚೀಲಕ್ಕೆ ಸೇರಿಸಿ.

ಹೂವನ್ನು ಹಸಿಯಾಗಿ ಪುಸ್ತಕದಲ್ಲಿಟ್ಟರೆ ಬೂಷ್ಟು ಖಂಡಿತ. ಸೇವಂತಿಗೆಯಂಥ ದಪ್ಪ ಹೂವಾದರೆ ಎಸಳು ಬಿಡಿಸಿ, ಎರಡು ಬ್ಲಾಟಿಂಗ್ ಕಾಗದದ ನಡುವೆ ಹರಡಿ ಐದಾರು ಕಿಲೋ ಪುಸ್ತಕದ ಭಾರ ಹೇರಿ. ಮೊದಲ ಮೂರು ದಿನ ದಿನವೂ ಕಾಗದ ಬದಲಿಸಿ, ಆಮೇಲೆ ಮೂರು ವಾರ ಮುಟ್ಟಬೇಡಿ. ಎತ್ತಿದಾಗ ಬಾಗದೆ ಗರಿಗರಿಯಾಗಿರಬೇಕು. ಮಲ್ಲಿಗೆ ಎಷ್ಟು ಜೋಪಾನ ಮಾಡಿದರೂ ಕಂದಾಗುತ್ತದೆ. ತುಳಸಿ, ಬಿಲ್ವಪತ್ರೆ ಚೆನ್ನಾಗಿ ಬರುತ್ತವೆ. ಒಣಗಿದ ಮೇಲೆ ಜಿಪ್ ಚೀಲದಲ್ಲಿ ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಒಳಗಿರಬಹುದಾದ ಹುಳುಮೊಟ್ಟೆ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ, ಇಲ್ಲವಾದರೆ ತಣ್ಣನೆಯ ಎಲೆಯ ಮೇಲೆ ನೀರು ಕೂರುತ್ತದೆ.

ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಆಲ್ಬಂ ತೆರೆದರೆ ಹಸಿ ವಾಸನೆ. ಫೋಟೊಗಳ ಮೇಲೆ ಬಿಳಿ ಚುಕ್ಕೆ ಬಂದಿದೆ. ನುಸಿಗುಳಿಗೆ ಹಾಕಿದರೆ ಸಾಕೇ?
— ಓದುಗರು, ಉಡುಪಿ

ನುಸಿಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ. ಜೊತೆಗೆ ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ. ಆಲ್ಬಮ್ಮಿನ ಪೆಟ್ಟಿಗೆಯೊಳಗೆ ಹಾಕಬೇಡಿ.

ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯುತ್ತದೆ, ಕರಾವಳಿಯ ಮಳೆಗಾಲದಲ್ಲಿ ಅದು 80–90ರಲ್ಲೇ ಇರುತ್ತದೆ. ಕೋಣೆಯನ್ನು ಒಣಗಿಸಲು ಹೋಗಬೇಡಿ, ಡಬ್ಬಿಯನ್ನು ಒಣಗಿಸಿ. ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ 20 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಟ್ಟೆಯ ಚೀಲದಲ್ಲಿ 100 ಗ್ರಾಂ ಸಿಲಿಕಾ ಜೆಲ್, ಮೂಲೆಯಲ್ಲಿ ಒಂದು ಪುಟ್ಟ ಡಿಜಿಟಲ್ ತೇವಮಾಪಕ. ಒಳಗಿನ ಅಂಕಿ 40ರಿಂದ 55ರ ನಡುವೆ ನಿಂತರೆ ಸರಿ. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತುವಿದೆ. ಬಣ್ಣ ಮಾಸಿದಾಗ ಒವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಹೆಚ್ಚಿನವರು ಎಡವುವುದು ಸಮಯದಲ್ಲಿ. ಮಳೆ ಹಿಡಿದ ಮೇಲೆ ಆಲ್ಬಂ ಡಬ್ಬಿಗೆ ಹಾಕಿದರೆ ಕಾಗದ ಆಗಲೇ ಕುಡಿದ ತೇವವನ್ನೆಲ್ಲ ಒಳಗೇ ಬೀಗ ಹಾಕಿದಂತೆ. ಏಪ್ರಿಲ್ ಕೊನೆಯಲ್ಲಿ, ಒಣ ದಿನವೊಂದರ ಮಧ್ಯಾಹ್ನ, ಪುಟಗಳನ್ನು ಬೀಸಣಿಗೆಯಂತೆ ಬಿಡಿಸಿ ಫ್ಯಾನಿನ ಕೆಳಗೆ ಎರಡು ಗಂಟೆ ನಿಲ್ಲಿಸಿ, ಆಮೇಲೆ ಮುಚ್ಚಿ. ಡಬ್ಬಿ ನೆಲದಿಂದ ಒಂದಡಿ ಮೇಲೆ, ಹೊರಗೋಡೆಗೆ ತಾಗದಂತೆ ಇರಲಿ.

ಈಗಾಗಲೇ ಚುಕ್ಕೆ ಬಂದ ಫೋಟೊಗಳನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಲ್ಯಾಬಿನಲ್ಲಿ ತೊಳೆಸಿದ ಫೋಟೊದ ಮೇಲ್ಪದರ ಜೆಲಟಿನ್. ಬೂಷ್ಟು ಅದನ್ನೇ ತಿನ್ನುತ್ತದೆ, ನೀರು ತಾಗಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಹೊರಗಡೆ ಕೂತು, ಮೆತ್ತನೆಯ ಬಣ್ಣದ ಕುಂಚದಿಂದ ನಿಮ್ಮಿಂದ ಆಚೆಗೆ ಗುಡಿಸಿ. ಆ ಕುಂಚವನ್ನು ಬೇರೆ ಆಲ್ಬಮ್ಮಿಗೆ ಬಳಸಬೇಡಿ.

ಹಾಗೆಯೇ ಮೈದಾ ಗೋಂದಿನ ಮೇಲಿನ ಪ್ರೀತಿ ಬಿಡಿ. ಗೋಡೆಗಳಲ್ಲಿ ಓಡುವ ಬೆಳ್ಳಿಹುಳುವಿಗೆ ಅದು ಬಡಿಸಿಟ್ಟ ಊಟ.

ಕಾರವಾರ, ಮುರ್ಡೇಶ್ವರದ ಕಡಲತೀರದಲ್ಲಿ ಮಕ್ಕಳು ಆಯ್ದ ಚಿಪ್ಪು, ಮರಳು, ಒಂದು ಹವಳದ ತುಂಡು ಇದೆ. ಹೇಗೆ ಇಡುವುದು?
— ಓದುಗರು, ಹಾವೇರಿ

ಹವಳ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ ಹವಳಗಳಿವೆ, ಕೆಲವು ಬಗೆಯ ಶಂಖ ಚಿಪ್ಪುಗಳೂ ಕಾಯ್ದೆಯ ರಕ್ಷಣೆಯಲ್ಲಿವೆ. ಮುಂದಿನ ಸಲ ಹವಳ ಕಂಡರೆ ಫೋಟೊ ತೆಗೆದು ಅಲ್ಲೇ ಬಿಡಲು ಮಕ್ಕಳಿಗೆ ಹೇಳಿಕೊಡಿ. ಹಂಪಿ, ಐಹೊಳೆಯಂಥ ಕಡೆ ಕೆತ್ತನೆಯ ಕಲ್ಲಿನ ಚೂರು ಸಿಕ್ಕರೂ ಇದೇ ಮಾತು.

ಸಾಧಾರಣ ಕಪ್ಪೆಚಿಪ್ಪುಗಳನ್ನು ಒಂದು ದಿನ ಸಿಹಿನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಒಣಗಿಸಿ. ಮರಳನ್ನೂ ಹಾಗೆಯೇ ತೊಳೆಯಬೇಕು. ಉಪ್ಪು ಉಳಿದರೆ ಮಳೆಗಾಲದಲ್ಲಿ ಗಾಜಿನ ಸೀಸೆಯೊಳಗೇ ಬೆವರುತ್ತದೆ. ಚಿಪ್ಪುಗಳನ್ನು ಮರದ ಡ್ರಾಯರಿನಲ್ಲೋ ಅಗ್ಗದ ರಟ್ಟಿನ ಪೆಟ್ಟಿಗೆಯಲ್ಲೋ ವರ್ಷಗಟ್ಟಲೆ ಇಟ್ಟರೆ ಮೇಲೆ ಬಿಳಿ ಪುಡಿ ಏಳುತ್ತದೆ. ಅದು ಬೂಷ್ಟಲ್ಲ, ಮರ ಮತ್ತು ರಟ್ಟಿನಿಂದ ಹೊರಡುವ ಆಮ್ಲದ ಆವಿ ಚಿಪ್ಪಿನ ಸುಣ್ಣವನ್ನು ತಿಂದ ಗುರುತು. ಗಾಜಿನ ಬಾಟಲಿಗೆ ಹಾಕಿ, ಮೇಲೆ ಊರು, ತಾರೀಕು ಬರೆದು, ಆಲ್ಬಮ್ಮಿನ ಪುಟದಲ್ಲಿ ‘ಬಾಟಲಿ 3 ನೋಡಿ’ ಎಂದು ಗುರುತು ಹಾಕಿ.

ಬಾಡಿಗೆ ಮನೆ, ಇರುವುದು ಒಂದೇ ಶೆಲ್ಫು. ವಾಶಿ ಟೇಪು (ಚಿತ್ತಾರದ ಕಾಗದದ ಟೇಪು), ಪಂಚು (ಆಕಾರ ಕತ್ತರಿಸುವ ಸಾಧನ), ಸ್ಟಿಕರು, ಬಣ್ಣದ ಹಾಳೆ, ಸ್ಟ್ಯಾಂಪು ಎಲ್ಲವೂ ಹರಡಿಹೋಗಿವೆ.
— ಓದುಗರು, ಬೆಂಗಳೂರು

ಚೆಂದದ ಡಬ್ಬಿಗಳನ್ನು ಕೊಳ್ಳುವ ಮೊದಲು ಇರುವುದನ್ನು ಅಳೆಯಿರಿ. 12 ಅಂಗುಲದ ಚೌಕ ಹಾಳೆ ಎ4 ಫೈಲಿನಲ್ಲಿ ಹಿಡಿಸುವುದಿಲ್ಲ. ಹಾಳೆಗಳನ್ನು ಬಣ್ಣವಾರು ನಿಲ್ಲಿಸಿಡಿ, ಆದರೆ ಸಡಿಲ ಬಿಡಬೇಡಿ, ಬಾಗುತ್ತವೆ. ಅಂಗೈಗಿಂತ ದೊಡ್ಡ ಚೂರುಗಳಿಗೆ 13 ಅರೆಗಳ ಅಕಾರ್ಡಿಯನ್ ಫೈಲು. ಅದಕ್ಕಿಂತ ಚಿಕ್ಕವು ಕಸಕ್ಕೆ.

ಬ್ರಾಡು (ಕಾಲು ಅಗಲಿಸಿ ಕೂರಿಸುವ ಪುಟ್ಟ ಪಿನ್ನು), ಐಲೆಟ್ಟು (ತೂತಿಗೆ ಕೂರಿಸುವ ಲೋಹದ ಬಳೆ), ಗುಂಡಿ, ಮಣಿಗಳಿಗೆ ಅಡುಗೆಮನೆಯ ಏಳು ಬಟ್ಟಲಿನ ಮಸಾಲೆ ಡಬ್ಬಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ವಾಶಿ ಟೇಪುಗಳನ್ನು ಪರದೆಯ ಕೋಲಿಗೆ ಪೋಣಿಸಿ ಬಿಸಿಲು ಬೀಳದ ಕಡೆ ತೂಗುಹಾಕಿ, ಬಿಸಿಗೆ ಅವುಗಳ ಅಂಟು ಅಂಚಿನಿಂದ ಹೊರಬಂದು ಧೂಳು ಕಟ್ಟುತ್ತದೆ. ಎರಡು ತುದಿಯ ಮಾರ್ಕರುಗಳು ಮಲಗಿರಬೇಕು. ಡೈ ಶಾಯಿಯ (ನೀರಿನಂತೆ ತೆಳುವಾದ ಬಣ್ಣದ ಶಾಯಿ) ಸ್ಟ್ಯಾಂಪು ಪ್ಯಾಡನ್ನು ಬೋರಲು ಇಟ್ಟರೆ ಶಾಯಿ ಮೇಲ್ಮೈಗೆ ಬರುತ್ತದೆ. ಪಾರದರ್ಶಕ ಸ್ಟ್ಯಾಂಪುಗಳು ಬೆಳಕಿಗೆ ಹಳದಿಯಾಗುತ್ತವೆ, ಮುಚ್ಚಿಡಿ. ಪಂಚು ಮೊಂಡಾದರೆ ಅಡುಗೆಯ ಅಲ್ಯುಮಿನಿಯಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹತ್ತು ಸಲ ಕತ್ತರಿಸಿ, ಅಂಟಿಕೊಳ್ಳುತ್ತಿದ್ದರೆ ಮೇಣದ ಕಾಗದವನ್ನು. ಹಸಿರು ಕಟಿಂಗ್ ಮ್ಯಾಟನ್ನು ಮಡಿಸಿ ಅಥವಾ ಒರಗಿಸಿ ಇಟ್ಟರೆ ಡೊಂಕಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಮಂಚದ ಹಾಸಿಗೆಯ ಕೆಳಗೆ ಸಮತಟ್ಟಾಗಿ ತೂರಿಸಿ.

ಹಳೆಯ ಮದುವೆ ಕರೆಯೋಲೆಗಳ ಚಿನ್ನದ ಅಂಚು, ಕಸೂತಿ ಕತ್ತರಿಕೆ ಬಳಸುವವರು ಬಹಳ. ಬಳಸಿ, ಆದರೆ ಫೋಟೊಗೆ ನೇರ ತಾಗದಂತೆ ನಡುವೆ ಆಮ್ಲರಹಿತ (‘ಆಸಿಡ್ ಫ್ರೀ’ ಎಂದು ಬರೆದಿರುವ) ಹಾಳೆ ಇರಲಿ.

ಆಲ್ಬಂ ಅರ್ಧ ತುಂಬುವಷ್ಟರಲ್ಲಿ ಬಾಯಿ ತೆರೆದು ನಿಲ್ಲುತ್ತದೆ. ಪುಟಗಳೂ ಸುಕ್ಕಾಗಿವೆ.
— ಓದುಗರು, ಹುಬ್ಬಳ್ಳಿ

ಸುಕ್ಕಿಗೆ ಬಿಳಿ ಅಂಟು ಕಾರಣ. ಅದರಲ್ಲಿ ಅರ್ಧದಷ್ಟು ನೀರು. ಕಾಗದ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಒಂದೇ ಸಮ ಕುಗ್ಗುವುದಿಲ್ಲ. ಫೋಟೊಗೆ ಮೂಲೆಗಳು ಅಥವಾ ಎರಡು ಬದಿಯ ಟೇಪು, ಹಗುರ ಕಾಗದಕ್ಕೆ ಗ್ಲೂ ಸ್ಟಿಕ್. ಬಿಳಿ ಅಂಟನ್ನು ಗುಂಡಿ, ಮರದ ತುಂಡಿಗೆ ಹನಿಯಷ್ಟು ಮಾತ್ರ.

ಬಾಯಿ ತೆರೆಯುವುದಕ್ಕೆ ಬೇರೆ ಕಾರಣ: ಪುಟಗಳ ಹೊರಬದಿ ದಪ್ಪವಾಯಿತು, ಬೆನ್ನು ಮೊದಲಿನಷ್ಟೇ ಉಳಿಯಿತು. ಹೊಲಿದ ಆಲ್ಬಮ್ಮಾದರೆ ಅಂಟಿಸುವ ಮೊದಲೇ ಪ್ರತಿ ಮೂರನೆಯ ಹಾಳೆಯನ್ನು ಬೆನ್ನಿನಿಂದ 1 ಸೆಂ.ಮೀ. ಬಿಟ್ಟು ಕತ್ತರಿಸಿ. ಉಳಿದ ಪಟ್ಟಿಗಳೇ ಬೆನ್ನಿನಲ್ಲಿ ಜಾಗ ಮಾಡಿಕೊಡುತ್ತವೆ. ಸ್ಕ್ರೂ ಹಾಕುವ ಆಲ್ಬಮ್ಮಾದರೆ ಉದ್ದದ ಸ್ಕ್ರೂ ಸಿಗುತ್ತದೆ. ಈಗಾಗಲೇ ಅಂಟಿಸಿದ್ದಕ್ಕೆ ಈ ಉಪಾಯ ನಡೆಯುವುದಿಲ್ಲ, 3 ಮಿ.ಮೀ.ಗಿಂತ ದಪ್ಪದ್ದನ್ನೆಲ್ಲ ತೆಗೆದು ಡಬ್ಬಿಗೆ ಹಾಕಿ. ಮುಂದೆ ದಪ್ಪ ವಸ್ತುಗಳನ್ನು ಎಲ್ಲ ಪುಟದಲ್ಲೂ ನಡುವಿಗೇ ಅಂಟಿಸದೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಂಚಿ.

ಅಪ್ಪ ಅಮ್ಮ 1980ರ ದಶಕದಲ್ಲಿ ಮಾಡಿದ ಪ್ರವಾಸಗಳ ಆಲ್ಬಂ ಇದೆ. ಪ್ಲಾಸ್ಟಿಕ್ ಪರದೆ ಎತ್ತಿ ಫೋಟೊ ಅಂಟಿಸುವ ಬಗೆಯದ್ದು. ಹಾಳೆ ಹಳದಿಯಾಗಿದೆ, ಫೋಟೊ ಏಳುತ್ತಿಲ್ಲ.
— ಓದುಗರು, ಪುಣೆ

ಮೊದಲು ಪುಟಪುಟವನ್ನೂ ಇದ್ದಂತೆಯೇ ಫೋಟೊ ತೆಗೆದುಕೊಳ್ಳಿ. ಕ್ರಮ, ಪಕ್ಕದಲ್ಲಿ ಬರೆದ ಅಕ್ಷರ ಎಲ್ಲ ದಾಖಲಾಗಲಿ. ಆಮೇಲೆ ಪ್ಲಾಸ್ಟಿಕ್ ಸರಿಸಿ, ಮೇಣ ಹಚ್ಚದ ಹಲ್ಲುದಾರವನ್ನು (ಡೆಂಟಲ್ ಫ್ಲಾಸ್) ಒಂದು ಮೂಲೆಯ ಅಡಿಗೆ ತೂರಿಸಿ ಗರಗಸದಂತೆ ಹಿಂದೆಮುಂದೆ ಎಳೆಯುತ್ತ ನಿಧಾನಕ್ಕೆ ಸಾಗಿ. ಮೇಲಕ್ಕೆ ಎತ್ತಬೇಡಿ, ಫೋಟೊ ಬಾಗಿದರೆ ಮೇಲ್ಪದರ ಬಿರುಕು ಬಿಡುತ್ತದೆ. ದಾರ ಸಿಕ್ಕಿಕೊಂಡರೆ ಇನ್ನೊಂದು ಮೂಲೆಯಿಂದ ಬನ್ನಿ. ಏನು ಮಾಡಿದರೂ ಬಾರದ ಫೋಟೊದ ಸುತ್ತ ಹಾಳೆಯನ್ನೇ ಕತ್ತರಿಸಿ ತೆಗೆದು ಸ್ಕ್ಯಾನ್ ಮಾಡಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಅಂಟು ಕರಗಿ ಇನ್ನಷ್ಟು ಒಳಗಿಳಿಯಬಹುದು.

ಈಗ ಎಲ್ಲ ಕಡೆ ಕ್ಯೂಆರ್ ಟಿಕೆಟ್ಟು. ಆಲ್ಬಮ್ಮಿಗೆ ಅಂಟಿಸಲು ಏನೂ ಕೈಗೆ ಬರುವುದಿಲ್ಲವಲ್ಲ?
— ಓದುಗರು, ಕಲಬುರಗಿ

ಇ-ಟಿಕೆಟ್ಟಿನ ಸ್ಕ್ರೀನ್‌ಶಾಟನ್ನು 7×10 ಸೆಂ.ಮೀ. ಅಳತೆಗೆ ಇಳಿಸಿ, ಒಂದೇ ಎ4 ಹಾಳೆಯಲ್ಲಿ ಆರು ಜೋಡಿಸಿ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ. ಹೆಸರು, ಫೋನ್ ನಂಬರ್, ಪಿಎನ್‌ಆರ್ ಇರುವ ಕಡೆ ಮೊದಲೇ ಮುಚ್ಚಿ. ಮೆಟ್ರೊ ಟೋಕನ್ನನ್ನು ಮಾತ್ರ ನೆನಪಿಗೆಂದು ಇಟ್ಟುಕೊಳ್ಳಬೇಡಿ, ಅದು ಹೊರಬರುವ ಗೇಟಿಗೆ ವಾಪಸ್ ಹೋಗಬೇಕಾದದ್ದು.

ಹಂಪಿಗೆ ಹೋದವರ ಬಳಿ ಒಂದು ನೆನಪು ಜೇಬಿನಲ್ಲೇ ಇರುತ್ತದೆ: 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಕಲ್ಲಿನ ರಥವಿದೆ. ಅಳತೆ 66×135 ಮಿ.ಮೀ. ಅಂಟು, ಪಿನ್ನು, ಬರಹ ಯಾವುದೂ ತಾಗದಂತೆ 75×145 ಮಿ.ಮೀ. ಪಾಲಿಪ್ರೊಪಿಲೀನ್ ಜೇಬಿನಲ್ಲಿಟ್ಟು ಪಕ್ಕದಲ್ಲಿ ಅದೇ ರಥದ ಎದುರಿನ ನಿಮ್ಮ ಫೋಟೊ ಹಾಕಿ.

ಇನ್ನೂ ಒಳ್ಳೆಯದು, ಹೋದ ಊರಿನ ಅಂಚೆ ಕಚೇರಿಯಿಂದ ನಿಮ್ಮದೇ ವಿಳಾಸಕ್ಕೆ ಒಂದು ಪೋಸ್ಟ್‌ಕಾರ್ಡ್ ಹಾಕುವುದು. ಊರಿನ ಹೆಸರು, ತಾರೀಕಿನ ಮುದ್ರೆ ತಾನಾಗಿ ಬರುತ್ತದೆ. ಕೆಲವು ಪ್ರವಾಸಿ ತಾಣಗಳ ಅಂಚೆ ಕಚೇರಿಗಳಲ್ಲಿ ಆ ಜಾಗದ್ದೇ ಚಿತ್ರಮುದ್ರೆಯೂ ಇರುತ್ತದೆ. ಡಬ್ಬಕ್ಕೆ ಹಾಕದೆ ಕೌಂಟರಿನಲ್ಲಿ ಕೇಳಿ, ಎದುರಿಗೇ ಒತ್ತಿಸಿಕೊಳ್ಳಿ. ಜೆಲ್ ಪೆನ್ನು ಮಳೆಹನಿಗೆ ಕದಡುತ್ತದೆ, ಬಾಲ್ ಪೆನ್ನಿನಲ್ಲಿ ಬರೆಯಿರಿ. ಆ ದಿನ ಏನು ತಿಂದಿರಿ, ಯಾರ ಚಪ್ಪಲಿ ಕಿತ್ತುಹೋಯಿತು ಎಂಬುದನ್ನೇ ಬರೆಯಿರಿ. ಕಾರ್ಡು ಮನೆಗೆ ಬಂದ ಮೇಲೆ ನಾಲ್ಕು ಫೋಟೊ ಮೂಲೆಗಳಲ್ಲಿ ಸಿಕ್ಕಿಸಿ, ಎರಡೂ ಬದಿ ಓದಲು ಬರುವಂತೆ.